ಹಗುರ ಮ್ಯಾಗ್ನಂ ರೈಫಲ್ಲಿನ ಒದೆತ: ಪಳಗಬೇಕಾದದ್ದು ಭುಜವೇ, ಬದಲಾಗಬೇಕಾದದ್ದು ರೈಫಲ್ಲೇ?

ಪ್ರಶ್ನೆ: ನಾನು ಸಕಲೇಶಪುರದ ಕಡೆಯವನು, ಬಹಳ ಕಾಲದಿಂದ ಅಮೆರಿಕದ ಕೊಲರಾಡೊದಲ್ಲಿ ನೆಲೆಸಿದ್ದೇನೆ. ಗ್ರೀನ್ ಕಾರ್ಡ್ ಇದೆ. ಬೇಟೆಗಾರರ ಕಡ್ಡಾಯ ತರಬೇತಿಯೂ ಮುಗಿದಿದೆ. ಈ ಸಲದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆಂದು .300 ವಿಂಚೆಸ್ಟರ್ ಮ್ಯಾಗ್ನಂ, ಎಂದರೆ ಹೆಚ್ಚು ಮದ್ದಿನ ಬಲವಾದ ತೋಟಾದ ರೈಫಲ್ ಕೊಂಡೆ. ಬೆಟ್ಟ ಹತ್ತುವಾಗ ಹೊರೆಯಾಗಬಾರದೆಂದು ಹಗುರವಾದದ್ದನ್ನೇ ಆರಿಸಿದೆ. ಸ್ಕೋಪ್ (ಗುರಿ ನೋಡುವ ದೂರದರ್ಶಕ) ಸೇರಿ 3.3 ಕಿ.ಗ್ರಾಂ ತೂಗುತ್ತದೆ. ಬೆಂಚಿನ ಮೇಲೆ ಕುಳಿತು ಇಪ್ಪತ್ತು ತೋಟಾ ಹಾರಿಸುವಷ್ಟರಲ್ಲಿ ಭುಜ ನೀಲಿಗಟ್ಟುತ್ತದೆ, ಕೊನೆಕೊನೆಯ ಗುಂಡುಗಳು ಗುರಿಯಿಂದ ಕೆಳಕ್ಕೆ, ಎಡಕ್ಕೆ ಬೀಳುತ್ತವೆ. ಊರಿನಲ್ಲಿ ತಂದೆಯವರ ಬೆಳೆ ರಕ್ಷಣೆಯ 12 ಬೋರ್ ಕೋವಿಯಿಂದ ಹೊಡೆದು ಅಭ್ಯಾಸವಿದ್ದ ನನಗೆ ಇದು ಹೊಸದು. ಅಂಗಡಿಯವರು ನಳಿಕೆಯ ತುದಿಗೆ ಒದೆತ ತಗ್ಗಿಸುವ ಮಜಲ್ ಬ್ರೇಕ್ ಹಾಕಿಸಿ ಎನ್ನುತ್ತಾರೆ. ಸ್ನೇಹಿತರು ಭುಜ ತಾನೇ ಪಳಗುತ್ತದೆ ಎನ್ನುತ್ತಾರೆ. ಯಾರ ಮಾತು ಸರಿ? ನಾನು ಕೊಂಡದ್ದೇ ತಪ್ಪಾಯಿತೇ? 275 ಮೀಟರಿಗಿಂತ ದೂರಕ್ಕೆ ಹೊಡೆಯುವ ಉದ್ದೇಶ ನನಗಿಲ್ಲ.

ಉತ್ತರ: ಮೊದಲು ನಿಮ್ಮ ಸ್ನೇಹಿತರ ಮಾತನ್ನು ಬದಿಗಿಡಿ. ಭುಜ ಪಳಗುವುದಿಲ್ಲ. ನೀಲಿಗಟ್ಟಿದ ಚರ್ಮ ವಾರದಲ್ಲಿ ತಿಳಿಯಾಗಬಹುದು, ಆದರೆ ಕಣ್ಣು, ಬೆರಳು ಮತ್ತು ಹೆಗಲು ಒಟ್ಟಾಗಿ ಕಲಿತುಕೊಂಡ ಅಳುಕು ಪ್ರತಿಯೊಂದು ನೋವಿನ ಈಡಿನೊಂದಿಗೆ ಇನ್ನಷ್ಟು ಗಟ್ಟಿಯಾಗುತ್ತಾ ಹೋಗುತ್ತದೆ. ಕೊನೆಯ ಗುಂಡುಗಳು ಕೆಳಕ್ಕೂ ಎಡಕ್ಕೂ ಬೀಳುತ್ತಿರುವುದು ಅದರದೇ ಗುರುತು: ಒದೆತ ಬರುವ ಮೊದಲೇ ಅದನ್ನು ಎದುರಿಸಲೆಂದು ನೀವು ಬಲ ಹೆಗಲನ್ನು ಮುಂದಕ್ಕೆ ನೂಕುತ್ತಿದ್ದೀರಿ, ಟ್ರಿಗರನ್ನು ಒತ್ತುವ ಬದಲು ಜಗ್ಗುತ್ತಿದ್ದೀರಿ, ನಳಿಕೆಯ ತುದಿ ತಗ್ಗುತ್ತಿದೆ. ಹೀಗಾಗಿ ನಿಮ್ಮ ಮುಂದಿರುವುದು ಎರಡು ಬೇರೆ ಬೇರೆ ಕೆಲಸ. ಒದೆತವನ್ನು ಕಡಿಮೆ ಮಾಡುವುದು ಒಂದು, ಈಗಾಗಲೇ ಬೇರೂರಿರುವ ಅಳುಕನ್ನು ಬಿಡಿಸುವುದು ಇನ್ನೊಂದು. ಮೊದಲನೆಯದನ್ನು ಮಾಡಿದ ಮಾತ್ರಕ್ಕೆ ಎರಡನೆಯದು ತಾನಾಗಿ ಆಗುವುದಿಲ್ಲ ಎಂಬುದನ್ನು ಬ್ರೇಕ್ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಒದೆತ ಎಲ್ಲಿಂದ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಯಾವ ಉಪಾಯಕ್ಕೆ ಎಷ್ಟು ಬೆಲೆ ಎಂಬುದು ತಾನೇ ಸ್ಪಷ್ಟವಾಗುತ್ತದೆ. ಈ ತೋಟಾದಲ್ಲಿ ಸಾಮಾನ್ಯವಾದ 180 ಗ್ರೇನ್ ಗುಂಡು ಎಂದರೆ 11.7 ಗ್ರಾಂ; ಅದು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ನಳಿಕೆ ಬಿಡುತ್ತದೆ. ಅದರ ಹಿಂದೆ ಸುಮಾರು 4.7 ಗ್ರಾಂ ಮದ್ದು ಅನಿಲವಾಗಿ ಹೊರಬೀಳುತ್ತದೆ, ಅದೂ ಗುಂಡಿಗಿಂತ ಹೆಚ್ಚು ವೇಗವಾಗಿ. ಅಮೆರಿಕದ ತೋಟಾ ತಯಾರಕರ ಒಕ್ಕೂಟವಾದ ಸ್ಯಾಮಿಯ ಸೂತ್ರದಲ್ಲಿ ಇಂತಹ ರೈಫಲ್ಲುಗಳಿಗೆ ಅನಿಲದ ವೇಗವನ್ನು ಗುಂಡಿನ ವೇಗದ 1.75 ಪಟ್ಟು ಎಂದು ಹಿಡಿಯುತ್ತಾರೆ. ಗುಂಡಿನ ಪಾಲಿನ ಸಂವೇಗ (ತೂಕವನ್ನು ವೇಗದಿಂದ ಗುಣಿಸಿದ್ದು) 10.5, ಅನಿಲದ ಪಾಲು 7.4, ಒಟ್ಟು ಹತ್ತಿರ ಹತ್ತಿರ 18 ಕಿ.ಗ್ರಾಂ-ಮೀಟರ್ ಪ್ರತಿ ಸೆಕೆಂಡಿಗೆ. ಇಷ್ಟೇ ಸಂವೇಗ ಹಿಂದಕ್ಕೂ ಬರಬೇಕಾದ್ದರಿಂದ 3.3 ಕಿ.ಗ್ರಾಂ ರೈಫಲ್ ಸೆಕೆಂಡಿಗೆ 5.4 ಮೀಟರ್ ವೇಗದಲ್ಲಿ ನಿಮ್ಮತ್ತ ಹೊರಡುತ್ತದೆ. ಅದರ ಚಲನ ಶಕ್ತಿ ಸುಮಾರು 48 ಜೂಲ್.

ಇದೇ ತೋಟಾವನ್ನು ಮರದ ಸ್ಟಾಕಿನ (ಕೈಯಲ್ಲಿ ಹಿಡಿದು ಭುಜಕ್ಕೆ ಒರಗಿಸುವ ಭಾಗ), ದಪ್ಪ ನಳಿಕೆಯ, ಸ್ಕೋಪ್ ಸೇರಿ 4.2 ಕಿ.ಗ್ರಾಂ ತೂಗುವ ರೈಫಲ್ಲಿನಲ್ಲಿ ಹಾರಿಸಿದರೆ 38 ಜೂಲ್ ಆಗುತ್ತದೆ. 1963ರಲ್ಲಿ ಈ ತೋಟಾ ಮಾರುಕಟ್ಟೆಗೆ ಬಂದಾಗ ಕೈಗೆ ಬರುತ್ತಿದ್ದ ರೈಫಲ್ಲುಗಳು ಬಹುಪಾಲು ಹೀಗೆ ಭಾರವಾದವೇ. ಅದರ ಬಗ್ಗೆ ಹಳಬರು ಹೇಳುವ ಧೈರ್ಯದ ಮಾತುಗಳನ್ನು ನಿಮ್ಮ ಹಗುರ ರೈಫಲ್ಲಿಗೆ ಅನ್ವಯಿಸಬಾರದು. ಇನ್ನು ತಂದೆಯವರ 12 ಬೋರ್ ಕೋವಿಯ ವಿಚಾರ. ಸಾಧಾರಣ ಚರೆ ತೋಟಾದ ಒದೆತ ಸುಮಾರು 30 ಜೂಲ್ ಆಸುಪಾಸು ಇರುತ್ತದೆ, ಕೋವಿ ಹಿಂದೆ ಸರಿಯುವ ವೇಗವೂ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಆ ಕೋವಿಯನ್ನು ನೀವು ನಿಂತು, ಮೈ ಸಡಿಲವಾಗಿಟ್ಟುಕೊಂಡು ಹಾರಿಸಿದ್ದೀರಿ. ನೂಕು ಬಂದಾಗ ಸೊಂಟದಿಂದ ಮೇಲಿನ ಇಡೀ ದೇಹ ಹಿಂದಕ್ಕೆ ತೂಗಿ ಅದನ್ನು ಹೀರಿಕೊಂಡಿದೆ. ಬೆಂಚಿನ ಮೇಲೆ ಮುಂದಕ್ಕೆ ಬಾಗಿ, ಮೊಣಕೈಗಳನ್ನು ಊರಿ ಕುಳಿತಾಗ ದೇಹಕ್ಕೆ ಹಿಂದೆ ಹೋಗಲು ದಾರಿಯಿಲ್ಲ, ಬಟ್ (ಸ್ಟಾಕಿನ ಹಿಂತುದಿ) ಬಂದು ಕೂರುವುದೂ ಕೊರಳೆಲುಬಿನ ಹತ್ತಿರ. ನಿಮ್ಮ ನೋವಿನ ಒಂದು ದೊಡ್ಡ ಪಾಲು ರೈಫಲ್ಲಿನದಲ್ಲ, ಬೆಂಚಿನದು.

ಈ ಲೆಕ್ಕದಿಂದ ತಿಳಿಯುವ ಮುಖ್ಯ ಸಂಗತಿಯೆಂದರೆ, ತೂಕ ಹೆಚ್ಚಿಸಿ ಪಡೆಯುವ ಲಾಭ ಸಾಧಾರಣ, ಸಂವೇಗ ತಗ್ಗಿಸಿ ಪಡೆಯುವ ಲಾಭ ದೊಡ್ಡದು. ಸ್ಟಾಕಿನೊಳಗೆ ಅರ್ಧ ಕಿಲೋ ಸೀಸ ತುಂಬಿದರೆ 48 ಜೂಲ್ 42ಕ್ಕೆ ಇಳಿಯುತ್ತದೆ, ಅಷ್ಟಕ್ಕಾಗಿ ಹೆಚ್ಚು ಹಣ ಕೊಟ್ಟು ಕೊಂಡ ಹಗುರತನವನ್ನು ನೀವು ಬಿಟ್ಟುಕೊಡಬೇಕಾಗುತ್ತದೆ. ಸ್ಟಾಕಿನೊಳಗೆ ಕೂರಿಸುವ ಪಾದರಸದ ಕೊಳವೆಗಳೂ ನನ್ನ ಅಭಿಪ್ರಾಯದಲ್ಲಿ ಬಹುಮಟ್ಟಿಗೆ ತೂಕವಾಗಿಯೇ ಕೆಲಸ ಮಾಡುತ್ತವೆ. ಆದರೆ ಸಂವೇಗವನ್ನು ಹತ್ತಕ್ಕೆ ಒಂದರಷ್ಟು ಕಡಿಮೆ ಮಾಡಿದರೆ ಸಾಕು, ಶಕ್ತಿ ಐದಕ್ಕೆ ಒಂದರಷ್ಟು ಇಳಿಯುತ್ತದೆ.

ಇಲ್ಲಿ ಅನೇಕರು ಎಡವುತ್ತಾರೆ. 180 ಗ್ರೇನ್ ಬಿಟ್ಟು 150 ಗ್ರೇನ್ ಗುಂಡಿನ ತೋಟಾ ಕೊಂಡರೆ ಒದೆತ ತಗ್ಗುತ್ತದೆ ಎಂದು ಹೇಳುವವರಿದ್ದಾರೆ. ಆದರೆ ಪೂರ್ಣ ಶಕ್ತಿಯ 150 ಗ್ರೇನ್ ತೋಟಾ ತನ್ನ ಗುಂಡನ್ನು ಸೆಕೆಂಡಿಗೆ ಸುಮಾರು 1,000 ಮೀಟರ್ ವೇಗದಲ್ಲಿ ಎಸೆಯುತ್ತದೆ, ಅದಕ್ಕೆ ಬೇಕಾಗುವ ಮದ್ದೂ ಕೊಂಚ ಹೆಚ್ಚು. ಗುಂಡಿನ ಕಡೆ ಉಳಿಸಿದ್ದನ್ನು ಅನಿಲದ ಕಡೆ ಕಳೆದುಕೊಂಡು ಒಟ್ಟು ಒದೆತ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಗುಂಡು ಹಗುರವಾಗಬೇಕು, ಜೊತೆಗೆ ವೇಗವೂ ಇಳಿಯಬೇಕು. 150 ಗ್ರೇನ್ ಗುಂಡನ್ನು ಸೆಕೆಂಡಿಗೆ 850 ಮೀಟರ್ ಮಟ್ಟಕ್ಕೆ ಇಳಿಸಿದ ತೋಟಾಗಳಲ್ಲಿ ನಿಮ್ಮ ಇದೇ ರೈಫಲ್ಲಿನ ಒದೆತ 28 ಜೂಲ್ ಸುಮಾರಿಗೆ ಬರುತ್ತದೆ, ಎಂದರೆ ಮ್ಯಾಗ್ನಂ ಅಲ್ಲದ ಸಾಧಾರಣ ತೋಟಾವಾದ .308 ವಿಂಚೆಸ್ಟರಿನ ನೆರೆಗೆ. ಒದೆತ ತಗ್ಗಿಸಿದ ತೋಟಾ ಎಂದೇ ಪೆಟ್ಟಿಗೆಯ ಮೇಲೆ ಬರೆದಿರುವಂಥವು ಅಂಗಡಿಗಳಲ್ಲಿ ಸಿಗುತ್ತವೆ, ಅವನ್ನೇ ಕೇಳಿ. ತೋಟಾವನ್ನು ಸ್ವತಃ ತುಂಬಿಕೊಳ್ಳುವವರಾದರೆ ಒಂದು ಎಚ್ಚರಿಕೆ ಅಗತ್ಯ: ಮ್ಯಾಗ್ನಂಗಳಲ್ಲಿ ಬಳಸುವ ನಿಧಾನವಾಗಿ ಉರಿಯುವ ಮದ್ದನ್ನು ಕೈಪಿಡಿಯಲ್ಲಿ ಹೇಳಿದ ಕನಿಷ್ಠಕ್ಕಿಂತ ಕಡಿಮೆ ಹಾಕುವುದು ಸುರಕ್ಷಿತವಲ್ಲ, ಅದರಿಂದ ಒತ್ತಡ ಇಳಿಯುವ ಬದಲು ಇದ್ದಕ್ಕಿದ್ದಂತೆ ಏರಿಬಿಡುವ ಅಪಾಯವಿದೆ. ಕಡಿಮೆ ಶಕ್ತಿಯ ತೋಟಾಕ್ಕೆಂದೇ ಮದ್ದಿನ ತಯಾರಕರು ಪ್ರಕಟಿಸಿದ ಅಳತೆಗಳನ್ನಷ್ಟೇ ಅನುಸರಿಸಬೇಕು.

ಅಂಗಡಿಯವರು ಹೇಳಿದ ಮಜಲ್ ಬ್ರೇಕ್ ನಿಜವಾಗಿಯೂ ಕೆಲಸ ಮಾಡುವ ಸಾಧನ, ಅದರಲ್ಲಿ ಅನುಮಾನವಿಲ್ಲ. ಅದು ಗುಂಡನ್ನು ಮುಟ್ಟುವುದಿಲ್ಲ. ಗುಂಡು ಹೊರಬಿದ್ದ ಮೇಲೆ ಮುಂದಕ್ಕೆ ನುಗ್ಗುವ ಅನಿಲವನ್ನು ಮಾತ್ರ ಪಕ್ಕಕ್ಕೆ ತಿರುಗಿಸುತ್ತದೆ. ಮೇಲಿನ ಲೆಕ್ಕದಲ್ಲಿ ಅನಿಲದ ಪಾಲಾದ 7.4ರಲ್ಲಿ ಸುಮಾರು 2.1 ಗುಂಡು ಇನ್ನೂ ನಳಿಕೆಯೊಳಗೆ ಇರುವಾಗಲೇ ಸಂದಾಯವಾಗಿರುತ್ತದೆ. ಬ್ರೇಕಿನ ಕೈಗೆ ಸಿಗುವುದು ಉಳಿದ 5.3. ಅಷ್ಟನ್ನೂ ನೇರ ಪಕ್ಕಕ್ಕೆ ತಿರುಗಿಸಿದರೆ ಸಂವೇಗದಲ್ಲಿ ಶೇ. 30ರಷ್ಟು ಹೋಗಿ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಒಳ್ಳೆಯ ಬ್ರೇಕುಗಳಿಂದ ಶೇ. 30ರಿಂದ 50ರವರೆಗೆ ಇಳಿತ ಸಿಗುವುದಕ್ಕೆ ಇದೇ ಕಾರಣ, ಮದ್ದು ಹೆಚ್ಚು ಸುಡುವ ಮ್ಯಾಗ್ನಂಗಳಲ್ಲಿ ಬ್ರೇಕ್ ಹೆಚ್ಚು ಪರಿಣಾಮಕಾರಿಯಾಗುವುದಕ್ಕೂ ಇದೇ ಕಾರಣ.

ಆದರೆ ಆ ಅನಿಲ ಪಕ್ಕಕ್ಕೆ ತಿರುಗಿದಾಗ ಅದರೊಂದಿಗೆ ಸದ್ದೂ ನಿಮ್ಮ ಕಿವಿಯತ್ತ ತಿರುಗುತ್ತದೆ. ಬ್ರೇಕ್ ಇಲ್ಲದೆಯೇ ಇಂಥ ರೈಫಲ್ಲಿನ ಸದ್ದು 160 ಡೆಸಿಬೆಲ್ ಮೀರುತ್ತದೆ. ಹಠಾತ್ ಸದ್ದಿನಿಂದ ಶ್ರವಣಶಕ್ತಿಗೆ ಹಾನಿಯಾಗುವ ಗಡಿಯನ್ನು 140 ಡೆಸಿಬೆಲ್ ಎಂದು ಹಿಡಿಯುತ್ತಾರೆ. ಬ್ರೇಕ್ ಅದರ ಮೇಲೆ ಇನ್ನೂ ಹಲವು ಡೆಸಿಬೆಲ್ ಸೇರಿಸುತ್ತದೆ. ಬೆಂಚಿನ ಮೇಲೆ ಕಿವಿಯೊಳಗೆ ಬೆಣೆ, ಅದರ ಮೇಲೆ ಇಯರ್ ಮಫ್ ಎರಡನ್ನೂ ಹಾಕಿಕೊಂಡರೆ ಸರಿ; ಬೆಟ್ಟದಲ್ಲಿ ಎಲ್ಕ್ ಎದುರಾದ ಗಳಿಗೆಯಲ್ಲಿ ಯಾರೂ ಬೆಣೆ ಹುಡುಕುತ್ತಾ ಕೂರುವುದಿಲ್ಲ. ಪಕ್ಕದಲ್ಲಿ ನಿಂತ ಜೊತೆಗಾರನ ಕಿವಿಯ ಗತಿಯೂ ಅದೇ, ಹಾಗಾಗಿ ಬ್ರೇಕ್ ಇರುವ ರೈಫಲ್ ತರಬೇಡಿ ಎನ್ನುವ ಬೇಟೆ ಮಾರ್ಗದರ್ಶಕರು ಕಡಿಮೆಯೇನಿಲ್ಲ. ನೋವಿನಷ್ಟೇ ಸದ್ದು ಕೂಡ ಅಳುಕನ್ನು ಬೆಳೆಸುತ್ತದೆ ಎಂಬುದನ್ನೂ ಮರೆಯಬಾರದು. ಆದ್ದರಿಂದ ಬ್ರೇಕ್ ಹಾಕಿಸುವುದೇ ಆದರೆ ಬಿಚ್ಚಿಡಬಹುದಾದದ್ದನ್ನು ಹಾಕಿಸಿ, ಅಭ್ಯಾಸಕ್ಕೆ ಬಳಸಿ, ಬೇಟೆಗೆ ಹೊರಡುವ ಮುನ್ನ ಬಿಚ್ಚಿ ನಳಿಕೆಯ ತುದಿಯ ಥ್ರೆಡ್ಡಿನ (ತಿರುಪಿನ ಗೆರೆಗಳ) ಮೇಲೆ ಮುಚ್ಚಳ ಹಾಕಿ, ಆ ಸ್ಥಿತಿಯಲ್ಲಿ ಮತ್ತೆ ಗುರಿ ಸರಿಪಡಿಸಿಕೊಳ್ಳಿ. ಬ್ರೇಕ್ ಬಿಚ್ಚಿದಾಗ ಗುಂಡು ಬೀಳುವ ಜಾಗ ಬದಲಾಗುವುದು ಸಾಮಾನ್ಯ. ಪ್ರಾಣಿಯ ಮೇಲೆ ಹೊಡೆಯುವ ಆ ಒಂದು ಈಡಿನ ಒದೆತ ಯಾರಿಗೂ ನೆನಪಿರುವುದಿಲ್ಲ.

ನನ್ನನ್ನು ಕೇಳಿದರೆ ಬ್ರೇಕಿಗಿಂತ ಸಪ್ರೆಸರ್ (ನಳಿಕೆಯ ತುದಿಗೆ ಹಾಕುವ, ಸದ್ದು ತಗ್ಗಿಸುವ ಕೊಳವೆ) ಮೇಲು. ಒದೆತದಲ್ಲಿ ಅದು ಕೊಡುವ ಇಳಿತ ಸ್ವಲ್ಪ ಕಡಿಮೆಯಾದರೂ ಅದರ ಸ್ವಂತ ತೂಕ ನಳಿಕೆಯ ತುದಿ ಮೇಲಕ್ಕೆ ಜಿಗಿಯುವುದನ್ನು ತಡೆಯುತ್ತದೆ, ಸದ್ದೂ ಇಪ್ಪತ್ತಕ್ಕೂ ಹೆಚ್ಚು ಡೆಸಿಬೆಲ್ ಇಳಿಯುತ್ತದೆ. ಕೊಲರಾಡೊದಲ್ಲಿ ಅದನ್ನು ಇಟ್ಟುಕೊಳ್ಳಲು ಅವಕಾಶವಿದೆ. 1934ರ ರಾಷ್ಟ್ರೀಯ ಶಸ್ತ್ರ ಕಾಯಿದೆಯ ಪ್ರಕಾರ ನೋಂದಣಿ ಈಗಲೂ ಕಡ್ಡಾಯ. ಅದಕ್ಕೆ ಕಟ್ಟಬೇಕಿದ್ದ 200 ಡಾಲರ್ ತೆರಿಗೆಯನ್ನು ಮಾತ್ರ 2026ರ ಜನವರಿ 1ರಿಂದ ಸೊನ್ನೆಗೆ ಇಳಿಸಲಾಗಿದೆ. ಬ್ರೇಕಾಗಲಿ ಸಪ್ರೆಸರಾಗಲಿ, ನಿಮ್ಮ ರೈಫಲ್ಲಿನ ನಳಿಕೆಗೆ ಕಾರ್ಖಾನೆಯಿಂದಲೇ ಥ್ರೆಡ್ ಬಂದಿದೆಯೇ ಎಂದು ಮೊದಲು ನೋಡಿ. ಬಂದಿಲ್ಲದಿದ್ದರೆ ನುರಿತ ಗನ್‌ಸ್ಮಿತ್ ಕೈಯಲ್ಲಿ ಅಳತೆ ಮಾಡಿಸಬೇಕು, ಏಕೆಂದರೆ ಪೆನ್ಸಿಲ್ಲಿನಂಥ ತೆಳು ನಳಿಕೆಗಳ ತುದಿಯಲ್ಲಿ ರೂಢಿಯ 5/8 ಇಂಚಿನ ಥ್ರೆಡ್ ಕೊರೆಯುವಷ್ಟು ಲೋಹವೇ ಇಲ್ಲದಿರಬಹುದು.

ಇದಕ್ಕೆಲ್ಲ ಹಣ ಸುರಿಯುವ ಮೊದಲು ಸ್ಟಾಕ್ ನಿಮ್ಮ ಮೈಕಟ್ಟಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಕಾರ್ಖಾನೆಯ ಸ್ಟಾಕುಗಳಲ್ಲಿ ಟ್ರಿಗರಿನಿಂದ ಬಟ್ಟಿನವರೆಗಿನ ಅಳತೆ ಸಾಮಾನ್ಯವಾಗಿ ಹದಿಮೂರೂವರೆ ಇಂಚಿನ ಮೇಲಿರುತ್ತದೆ. ಎತ್ತರ ಕಡಿಮೆಯಿರುವವರಿಗೆ, ಅದರಲ್ಲೂ ಚಳಿಗಾಲದ ದಪ್ಪ ಜಾಕೆಟ್ ತೊಟ್ಟಾಗ, ಇದು ಉದ್ದವಾಗಿ, ಬಟ್ ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲಕ್ಕೆ ಜಾರುತ್ತದೆ. ನಿಮ್ಮ ನೀಲಿ ಗುರುತು ಎಲ್ಲಿದೆ ಎಂದು ಕನ್ನಡಿಯಲ್ಲಿ ನೋಡಿ: ತೋಳಿನ ಕಡೆಗಿದ್ದರೆ ಸ್ಟಾಕ್ ಉದ್ದವಾಗಿದೆ ಅಥವಾ ನೀವು ಹೊರಕ್ಕೆ ಹಿಡಿಯುತ್ತಿದ್ದೀರಿ, ಕೊರಳೆಲುಬಿನ ಮೇಲಿದ್ದರೆ ಬೆಂಚಿನ ಮೇಲೆ ತೀರಾ ಬಾಗುತ್ತಿದ್ದೀರಿ. ಗಟ್ಟಿ ರಬ್ಬರಿನ ಪ್ಯಾಡ್ ಇದ್ದರೆ ತೆಗೆಸಿ, ಪೆಟ್ಟನ್ನು ಹೀರುವ ಮೆತ್ತನೆಯ ದಪ್ಪ ಪ್ಯಾಡ್ ಹಾಕಿಸುವುದು ಕಡಿಮೆ ಖರ್ಚಿನಲ್ಲಿ ಆಗುವ ಅತ್ಯಂತ ಉಪಯುಕ್ತ ಬದಲಾವಣೆ. ಅದು ಒಟ್ಟು ಒದೆತವನ್ನು ತಗ್ಗಿಸುವುದಿಲ್ಲ. ಅದೇ ಒದೆತವನ್ನು ಹೆಚ್ಚು ಹೊತ್ತಿನ ಮೇಲೆ, ಹೆಚ್ಚು ಅಗಲದ ಮೇಲೆ ಹಂಚುತ್ತದೆ. ಸ್ಕೋಪಿನ ಅಂಚಿಗೂ ಹುಬ್ಬಿಗೂ ನಡುವೆ ಒಂಬತ್ತು ಸೆಂಟಿಮೀಟರಿಗೆ ಕಡಿಮೆಯಾಗದಂತೆ ಅಂತರವಿರಲಿ. ಬೆಟ್ಟದ ಮೇಲ್ಮುಖಕ್ಕೆ ಮಲಗಿ ಹೊಡೆಯುವಾಗ ತಲೆ ತಾನಾಗಿ ಮುಂದಕ್ಕೆ ಬರುವುದರಿಂದ, ಆ ಭಂಗಿಯಲ್ಲಿಯೂ ಒಮ್ಮೆ ಪರೀಕ್ಷಿಸಿ. ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಮಾಡಿಕೊಂಡವರ ಅಳುಕನ್ನು ಬಿಡಿಸುವುದು ಭುಜ ನೊಂದವರ ಅಳುಕಿಗಿಂತ ಕಷ್ಟ.

ಹಿಡಿಯುವ ಕ್ರಮವೂ ಭಾರದ ರೈಫಲ್ಲಿಗಿಂತ ಬೇರೆಯಾಗಬೇಕು. ಗುಂಡು ನಳಿಕೆಯ ತುದಿ ತಲುಪುವಷ್ಟರಲ್ಲಿ, ಎಂದರೆ ಸುಮಾರು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ, ನಿಮ್ಮ ರೈಫಲ್ ಆಗಲೇ ಎರಡೂವರೆ ಮಿಲಿಮೀಟರಿನಷ್ಟು ಹಿಂದೆ ಸರಿದಿರುತ್ತದೆ. ಆ ಎರಡೂವರೆ ಮಿಲಿಮೀಟರ್ ಪ್ರತಿ ಸಲವೂ ಒಂದೇ ಬಗೆಯಲ್ಲಿ ಸರಿಯದಿದ್ದರೆ ಗುಂಡುಗಳು ಚದುರುತ್ತವೆ. ಭಾರವಾದ ಗುರಿ ಸ್ಪರ್ಧೆಯ ರೈಫಲ್ಲುಗಳನ್ನು ಮುಟ್ಟಿಯೂ ಮುಟ್ಟದಂತೆ ಹಿಡಿಯುವವರನ್ನು ನೋಡಿ ನೀವೂ ಎಡಗೈಯನ್ನು ಬಟ್ಟಿನ ಕೆಳಗೆ ಮಡಿಸಿಟ್ಟುಕೊಂಡಿದ್ದರೆ ಬಿಟ್ಟುಬಿಡಿ. ಎಡಗೈ ಸ್ಟಾಕಿನ ಮುಂಭಾಗವನ್ನು ಹಿಡಿದು ಮರಳ ಚೀಲದ ಮೇಲೆ ಒತ್ತಿರಲಿ, ಬಲಗೈಯ ಹಿಂದಿನ ಮೂರು ಬೆರಳುಗಳು ಬಟ್ಟನ್ನು ಭುಜದ ಗುಳಿಗೆ ದೃಢವಾಗಿ ಎಳೆದಿರಲಿ. ನಡುವೆ ಸಂದು ಉಳಿದರೆ ಬಟ್ ಪೂರ್ತಿ ವೇಗ ಪಡೆದ ಮೇಲೆ ಬಂದು ಬಡಿಯುತ್ತದೆ. ಸಂದಿಲ್ಲದಿದ್ದರೆ ಭುಜದ ತೂಕವೂ ರೈಫಲ್ಲಿನ ತೂಕದೊಂದಿಗೆ ಸೇರಿಕೊಂಡು ಪೆಟ್ಟಿನ ಬದಲು ನೂಕು ಸಿಗುತ್ತದೆ.

ಇನ್ನು ಅಳುಕು. ಇದಕ್ಕೆ ಪರಿಹಾರ ಹೆಚ್ಚು ತೋಟಾ ಹಾರಿಸುವುದಲ್ಲ, ಕೆಲವು ವಾರ ಮ್ಯಾಗ್ನಂ ತೋಟಾವನ್ನು ಮುಟ್ಟದಿರುವುದು. ಆ ವಾರಗಳಲ್ಲಿ ಸಣ್ಣ ತೋಟಾದ .22 ರೈಫಲ್ಲಿನಲ್ಲಿ ಬೆಂಚು ಬಿಟ್ಟು, ಕುಳಿತು, ಮಂಡಿಯೂರಿ, ನಿಂತು ಹೊಡೆಯಿರಿ. ಮನೆಯಲ್ಲಿ ರೈಫಲ್ ಖಾಲಿಯಿದೆ ಎಂದು ಎರಡೆರಡು ಸಲ ನೋಡಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಟ್ರಿಗರ್ ಒತ್ತುವುದನ್ನಷ್ಟೇ ಅಭ್ಯಾಸ ಮಾಡಿ. ಆಮೇಲೆ ನಂಬಿಕೆಯ ಸ್ನೇಹಿತರೊಬ್ಬರನ್ನು ಮೈದಾನಕ್ಕೆ ಕರೆದೊಯ್ದು ಈ ಪರೀಕ್ಷೆಗೆ ಒಳಗಾಗಿ: ನೀವು ಬೇರೆಡೆ ನೋಡುತ್ತಿರುವಾಗ ಅವರು ಕೆಲವೊಮ್ಮೆ ನಿಜವಾದ ತೋಟಾ, ಹೆಚ್ಚಾಗಿ ಡಮ್ಮಿ (ಮದ್ದಿಲ್ಲದ ನಕಲಿ) ತೋಟಾ ಹಾಕಿ ಬೋಲ್ಟ್ ಮುಚ್ಚಿ ಕೊಡಲಿ. ಡಮ್ಮಿ ಇದ್ದಾಗ ಬರುವುದು ಬರೀ ಕ್ಲಿಕ್ ಸದ್ದು. ಆದರೆ ಆ ಸದ್ದಿನೊಂದಿಗೆ ನಳಿಕೆಯ ತುದಿ ಗೇಣುದ್ದ ತಗ್ಗುವುದು, ಹೆಗಲು ಮುಂದೆ ನುಗ್ಗುವುದು, ಕಣ್ಣು ಬಿಗಿಯಾಗಿ ಮುಚ್ಚುವುದು ಪಕ್ಕದಲ್ಲಿರುವವರಿಗೆ ಸ್ಪಷ್ಟವಾಗಿ ಕಾಣುತ್ತದೆ. ನಾನು ಅಳುಕುವವನಲ್ಲ ಎಂದು ವಾದಿಸುವವರು ಈ ಒಂದು ಕ್ಲಿಕ್ಕಿಗೆ ಸುಮ್ಮನಾಗುತ್ತಾರೆ. ಕ್ಲಿಕ್ ಆದಾಗಲೂ ಕ್ರಾಸ್‌ಹೇರ್ (ಸ್ಕೋಪಿನೊಳಗಿನ ಗುರಿಯ ಅಡ್ಡಗೆರೆಗಳು) ಇದ್ದಲ್ಲೇ ಇರುವವರೆಗೆ ಡಮ್ಮಿಯ ಪ್ರಮಾಣ ತಗ್ಗಿಸಬೇಡಿ. ಪ್ರತಿ ಈಡಿನ ನಂತರವೂ ಟ್ರಿಗರ್ ಬಿದ್ದ ಕ್ಷಣದಲ್ಲಿ ಕ್ರಾಸ್‌ಹೇರ್ ಎಲ್ಲಿತ್ತು ಎಂದು ಬಾಯಿಬಿಟ್ಟು ಹೇಳಿ. ಹೇಳಲಾಗದಿದ್ದರೆ ಕಣ್ಣು ಮುಚ್ಚಿತ್ತು ಎಂದೇ ಅರ್ಥ.

ಮ್ಯಾಗ್ನಂಗೆ ಮರಳಿದ ಮೇಲೆ ಬೆಂಚನ್ನು ಗುರಿ ಸರಿಪಡಿಸಲು ಮಾತ್ರ ಬಳಸಿ, ಒಂದು ಸಲಕ್ಕೆ ಮೂರು ಮೂರು ಗುಂಡಿನ ಎರಡು ಗುಂಪು ಸಾಕು. ತೆಳು ನಳಿಕೆ ಅಷ್ಟರಲ್ಲಿ ಕಾದು ಗುಂಡು ಬೀಳುವ ಜಾಗವನ್ನು ಬದಲಾಯಿಸತೊಡಗುವುದರಿಂದ, ಅದಕ್ಕಿಂತ ಹೆಚ್ಚು ಹಾರಿಸಿ ತಿಳಿಯುವಂಥದ್ದೂ ಏನಿಲ್ಲ. ತೂಕ ಹೇರಿದ ಕಬ್ಬಿಣದ ಚೌಕಟ್ಟಿನಲ್ಲಿ ರೈಫಲ್ಲನ್ನು ಬಂಧಿಸಿ ಹೊಡೆಯುವ ಸಾಧನಗಳನ್ನು ಹಗುರ ರೈಫಲ್ಲಿಗೆ ನಾನು ಸಲಹೆ ಮಾಡುವುದಿಲ್ಲ. ಭುಜಕ್ಕೆ ಬಾರದ ಪೆಟ್ಟು ಆಗ ಸ್ಟಾಕಿನ ಮೇಲೂ ಸ್ಕೋಪಿನ ಮೇಲೂ ಬೀಳುತ್ತದೆ, ಸ್ಟಾಕ್ ಸೀಳಿದ ಉದಾಹರಣೆಗಳಿವೆ.

ಕೊನೆಗೆ, ಕೊಂಡದ್ದೇ ತಪ್ಪಾಯಿತೇ ಎಂಬ ಪ್ರಶ್ನೆ. ರೈಫಲ್ ಕೆಟ್ಟದ್ದಲ್ಲ, ನಿಮ್ಮ ಕೆಲಸಕ್ಕೆ ಅದು ಹೆಚ್ಚಾಯಿತು. ಎಲ್ಕ್ ನಮ್ಮ ಕಡವೆಯ ಕುಟುಂಬಕ್ಕೇ ಸೇರಿದ್ದು, ಆದರೆ ಅದಕ್ಕಿಂತ ದೊಡ್ಡದು. ಬಲಿತ ಗಂಡು ಮುನ್ನೂರು ಕಿಲೋ ದಾಟುತ್ತದೆ ನಿಜ. ಹಾಗಿದ್ದೂ ಕೊಲರಾಡೊದ ನಿಯಮ ಎಲ್ಕ್ ಬೇಟೆಗೆ ಕೇಳುವುದು .24 ಕ್ಯಾಲಿಬರ್ (ಇಂಚಿನಲ್ಲಿ ನಳಿಕೆಯ ಒಳ ಅಳತೆ), 85 ಗ್ರೇನಿನ ಹಿಗ್ಗುವ ಗುಂಡು ಮತ್ತು 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಮಾತ್ರ. ಆ ಕನಿಷ್ಠಕ್ಕೆ ನೇತುಬೀಳಿ ಎಂದು ನಾನು ಹೇಳುತ್ತಿಲ್ಲ. ಆದರೆ ಒಳ್ಳೆಯ ಬಾಂಡೆಡ್ (ಹೊದಿಕೆಯನ್ನೂ ಸೀಸವನ್ನೂ ಬೆಸೆದ) ಅಥವಾ ತಾಮ್ರದ ಗುಂಡು ಇರುವ .308, 7 ಮಿ.ಮೀ.-08 ಅಥವಾ .270 ವಿಂಚೆಸ್ಟರ್ ನಿಮ್ಮ 275 ಮೀಟರಿನೊಳಗೆ ಎಲ್ಕಿಗೆ ಸಾಕಾಗುತ್ತದೆ, ಅಷ್ಟೇ ತೂಕದ ರೈಫಲ್ಲಿನಲ್ಲಿ ಒದೆತ 22ರಿಂದ 29 ಜೂಲಿನೊಳಗೆ ಮುಗಿಯುತ್ತದೆ. ಪುಪ್ಪುಸದ ನಡುವೆ ಬಿದ್ದ .308 ಗುಂಡು ಮಾಡುವ ಕೆಲಸವನ್ನು ಹೊಟ್ಟೆಗೆ ತಗುಲಿದ ಮ್ಯಾಗ್ನಂ ಗುಂಡು ಮಾಡುವುದಿಲ್ಲ. ಗಾಯಗೊಂಡು ಕಣ್ಮರೆಯಾಗುವ ಪ್ರಾಣಿಗೆ ಹೊಡೆದವನ ಅಳುಕೇ ಬಹಳ ಸಲ ಕಾರಣ.

ಹಾಗಾಗಿ ನಾನು ಹೇಳುವುದು ಇಷ್ಟು. ಈ ಸೀಸನ್ನಿಗೆ ಪ್ಯಾಡ್ ಬದಲಿಸಿ, ಒದೆತ ತಗ್ಗಿಸಿದ ತೋಟಾ ಕೊಂಡು, ಅದೇ ತೋಟಾಕ್ಕೆ ಸ್ಕೋಪನ್ನು ಹೊಂದಿಸಿ, ಡಮ್ಮಿ ಅಭ್ಯಾಸವನ್ನು ಇಂದಿನಿಂದಲೇ ಶುರುಮಾಡಿ. ಸಪ್ರೆಸರಿಗೆ ಅರ್ಜಿ ಹಾಕುವುದಾದರೆ ಈಗಲೇ ಹಾಕಿ. ಸೀಸನ್ ಮುಗಿದ ಮೇಲೂ ಪೂರ್ಣ ಶಕ್ತಿಯ ತೋಟಾದಲ್ಲಿ ಕಣ್ಣು ಮುಚ್ಚುವುದು ನಿಲ್ಲದಿದ್ದರೆ ರೈಫಲ್ಲನ್ನು ಮಾರಿ .308 ಕೊಳ್ಳಿ, ಸಂಕೋಚಪಡಬೇಡಿ. ಮಾರುವಾಗ ಕೊಲರಾಡೊದಲ್ಲಿ ಖಾಸಗಿ ಮಾರಾಟಕ್ಕೂ ಕೊಳ್ಳುವವರ ಹಿನ್ನೆಲೆ ತಪಾಸಣೆ 2013ರಿಂದ ಕಡ್ಡಾಯವಾಗಿದೆ. ಕೊಳ್ಳುವವರು ಎಷ್ಟೇ ಆಪ್ತ ಸ್ನೇಹಿತರಾದರೂ ಲೈಸೆನ್ಸ್ ಹೊಂದಿದ ವ್ಯಾಪಾರಿಯ ಮೂಲಕವೇ ಕೈಬದಲಾಯಿಸಿ. ಅವರು ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರಾದರೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದ ಹೊರತು ಬಂದೂಕು ಇಟ್ಟುಕೊಳ್ಳುವುದೇ ಸಾಮಾನ್ಯವಾಗಿ ಫೆಡರಲ್ ಕಾನೂನಿನ ಪ್ರಕಾರ ಅಪರಾಧವಾಗುತ್ತದೆ ಎಂಬುದನ್ನೂ ಮೊದಲೇ ತಿಳಿಸಿ.